ಮೌನದಜ್ಜನ ಕಿವಿ

ನನ್ನಪ್ಪನ ಬೆನ್ನಿಗೆ ಹುಟ್ಟಿದ ತಮ್ಮನಿಗೆ ತೊಟ್ಟಿಲಿಗೆ ಹಾಕಿದ ದಿನ ಇಟ್ಟ ಹೆಸರೊಂದು ಇದ್ದಿರಬೇಕು. ಅದನ್ನು ಹಿಡಿದು ಯಾರೂ ಅವನನ್ನು ಕರೆದದ್ದನ್ನು ನಾನು ಕೇಳಿಲ್ಲ. ಅಪ್ಪ ‘ತಮ್ಮಾ’ ಎನ್ನುತ್ತಿದ್ದ. ಅವ್ವನೂ ತಮ್ಮಾ ಅಂದಳು, ನಾವು ಮಕ್ಕಳು ಕಾಕಾ ಅನ್ನುವುದು ಬಿಟ್ಟು ತಮ್ಮಾ ಅಂದೆವು, ಓಣಿಯೂ ಅಂದಿತು. ಹಾಲುಹಲ್ಲು ಬೀಳದ ಹುಡುಗರಿಗೂ ಅವನು ತಮ್ಮನೇ. ಮೂವತ್ತು ದಾಟುವ ಹೊತ್ತಿಗೆ ಊರು ಅವನನ್ನು ಒಮ್ಮೆಲೇ ‘ಅಜ್ಜಾ’ ಎಂದು ಕರೆಯತೊಡಗಿತು. ನಡುವೆ ಅಣ್ಣನೋ ಕಾಕನೋ ಆಗುವ ಭಾಗ್ಯ ಅವನಿಗೆ ಬರಲಿಲ್ಲ.

ಗೋಕಾವಿಗೂ ಮೂಡಲಗಿಗೂ ನಡುವಿನ ಎರೆಮಣ್ಣಿನ ಊರು ನಮ್ಮದು. ನಾನು ಪರಕಾರ ಉಟ್ಟು ಓಡಾಡುತ್ತಿದ್ದ ಕಾಲದ ಮಾತಿದು, ಇಂಗ್ರೇಜರ ರಾಜ್ಯ ಇನ್ನೂ ಇತ್ತು. ತಮ್ಮ ಆಳು ಗಿಡ್ಡ, ಕೊರಳು ದಪ್ಪ, ಕಣ್ಣು ಓರೆಯಾಗಿ ಮೇಲಕ್ಕೆ ಎಳೆದಂತೆ. ನಾಲಿಗೆಯ ತುದಿ ಯಾವಾಗಲೂ ತುಟಿಯ ಹೊರಗೆ ಇಣುಕುತ್ತಿತ್ತು. ಕಿವಿಗಳಂತೂ ಕೂಸಿನ ಕಿವಿಗಳನ್ನು ತಂದು ದೊಡ್ಡವನ ತಲೆಗೆ ಹಚ್ಚಿದ ಹಾಗೆ ಪುಟ್ಟವು. ಬುದ್ಧಿಯೂ ಕೂಸಿನದೇ. ಊರವರು ತಿಳಿಗೇಡಿ ಅನ್ನುತ್ತಿದ್ದರು, ಸಿಟ್ಟು ಬಂದರೆ ಹುಚ್ಚ ಅನ್ನುತ್ತಿದ್ದರು. ಹಾಗೆ ಅಂದವರ ಮನೆಗಳಲ್ಲಿ ಎಷ್ಟು ಜನ ಶಾಣ್ಯಾರಿದ್ದರು ಎಂಬುದು ನನಗೆ ಚೆನ್ನಾಗಿ ಗೊತ್ತು.

ಅವ್ವ ಸೊಸೆಯಾಗಿ ಬಂದ ಸ್ವಲ್ಪ ದಿನಕ್ಕೇ ಅತ್ತೆ ತೀರಿಕೊಂಡಳಂತೆ. ಸಾಯುವ ಮುಂದೆ ಹುಡುಗನ ಕೈಯನ್ನು ಅವ್ವನ ಉಡಿಯಲ್ಲಿ ಇಟ್ಟು, ಏನೋ ಹೇಳಬೇಕೆಂದು ಬಾಯಿ ತೆರೆದು ಹಾಗೇ ಹೋದಳಂತೆ. ಅಲ್ಲಿಂದ ಮುಂದೆ ಅವನು ಅವ್ವನ ಕೂಸು. ಅವಳನ್ನು ‘ವೈನಿ’ ಎಂದು ಕರೆಯಬೇಕಾದವನು, ದಪ್ಪ ನಾಲಿಗೆಗೆ ಹತ್ತದೆ ‘ವಯ್ಯೀ’ ಅನ್ನುತ್ತಿದ್ದ. ಉಳಿದ ಮಾತುಗಳನ್ನೂ ಹಾಗೇ ಅರ್ಧರ್ಧ ಆಡುತ್ತಿದ್ದ. ರೊಟ್ಟಿ ಮುಗಿದರೆ ‘ಆತು’, ಹೊತ್ತು ಮುಳುಗಿದರೆ ‘ಆತು’, ಓಣಿಯಲ್ಲಿ ಯಾರಾದರೂ ಸತ್ತರೂ ‘ಆತು’. ನಮ್ಮಂಥವರು ಅದೇ ಮಾತನ್ನು ಒಂದು ತಾಸು ಅತ್ತು ಹೇಳುತ್ತೇವೆ.

ಎಮ್ಮೆ ಕಾಯುವುದು ಅವನ ಕೆಲಸ. ಕೆಲಸವೇನು, ಅದೇ ಅವನ ಸಂಸಾರ. ಬುತ್ತಿ ಬಿಚ್ಚಿದರೆ ತನಗೊಂದು ತುತ್ತು, ಎಮ್ಮೆಗೊಂದು ತುತ್ತು. ಸಂಜೆಗೆ ಹಳ್ಳದಲ್ಲಿ ಅವುಗಳ ಮೈ ತಿಕ್ಕಿ, ತಾನೂ ಮುಳುಗೆದ್ದು, ಮುದಿ ಎಮ್ಮೆಯ ಬೆನ್ನ ಮೇಲೆ ಕೂತು ಬರುತ್ತಿದ್ದ. ಊರ ಹುಡುಗರು ಗೋಡೆಯ ಮರೆಯಲ್ಲಿ ನಿಂತು ‘ತಮ್ಮಾ, ನಿನ್ನ ಹೇಂತಿ ಎಮ್ಮಿ’ ಎಂದು ಕೂಗಿದರೆ ಇಳಿದು ಬಂದು ಕಲ್ಲು ಬೀರುತ್ತಿದ್ದ. ಗುರಿ ಮಾತ್ರ ಒಮ್ಮೆಯೂ ಹತ್ತುತ್ತಿರಲಿಲ್ಲ. ಆಮೇಲೆ ಅಡಿಗೆಮನೆಯ ಮೂಲೆಗೆ ಬಂದು ಅವ್ವನ ಸೆರಗು ಹಿಡಿದು ಅಳುತ್ತಿದ್ದ.

ಕಿವಿ ಸೋರುವುದು ಅವನಿಗೆ ಹುಟ್ಟಿನಿಂದ ಬಂದದ್ದು. ಮಳೆಗಾಲ ಬಂದರೆ ಎರಡೂ ಕಿವಿ ಸೋರುತ್ತಿದ್ದವು, ಕೌದಿಗೆ ವಾಸನೆ ಹಿಡಿಯುತ್ತಿತ್ತು. ಅವ್ವ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಿದ್ದಳು, ಅರಳೆ ಇಡುತ್ತಿದ್ದಳು. ಕಿವಿ ಸೋರದ ಕೂಸು ಯಾವ ಮನೆಯಲ್ಲಿದೆ ಎಂದು ಎಲ್ಲರೂ ಅಂದರು, ಅವ್ವನೂ ಅಂದುಕೊಂಡಳು.

ಬರಬರುತ್ತ ತಮ್ಮ ಕರೆದರೆ ಬರುವುದನ್ನು ಬಿಟ್ಟ. ಅಂಗಳದಿಂದ ಅಪ್ಪ ಹತ್ತು ಸಲ ಕೂಗಿದರೂ ಕೊಟ್ಟಿಗೆಯಲ್ಲಿ ಎಮ್ಮೆಯ ಕೊರಳು ತುರಿಸುತ್ತ ನಿಂತಿರುತ್ತಿದ್ದ. ‘ಹುಲ್ಲು ತಾ’ ಅಂದರೆ ನೀರು ತರುತ್ತಿದ್ದ. ಇದ್ದ ನಾಲ್ಕು ಮಾತುಗಳಲ್ಲಿ ಎರಡು ಬಿದ್ದುಹೋದವು. ‘ಇದ್ದಷ್ಟ ಬುದ್ಧೀನೂ ಹೋತು ಇವಂದು’ ಎಂದು ಅಪ್ಪ ಹೊಡೆದದ್ದೂ ಉಂಟು. ಅಪ್ಪ ಕೆಟ್ಟವನಲ್ಲ. ಶಾಣ್ಯಾನಿಗೆ ಕೇಳಿಸದಿದ್ದರೆ ಜನ ಕಿವುಡ ಅನ್ನುತ್ತಾರೆ. ತಿಳಿಗೇಡಿಗೆ ಕೇಳಿಸದಿದ್ದರೆ ಇನ್ನಷ್ಟು ತಿಳಿಗೇಡಿಯಾದ ಅನ್ನುತ್ತಾರೆ. ಅಪ್ಪನೂ ಆ ಜನದಲ್ಲಿ ಒಬ್ಬ, ಅಷ್ಟೇ.

ಗುಟ್ಟು ಹತ್ತಿದ್ದು ಅವ್ವನಿಗೆ, ಬೀಸುವ ಕಲ್ಲಿನ ಮುಂದೆ. ಅವಳು ಹಾಡು ಹೇಳುತ್ತ ಜೋಳ ಬೀಸುವಾಗ ತಮ್ಮ ಎದುರಿಗೆ ಕೂತು, ಪ್ರತಿ ನುಡಿಯ ಕೊನೆಗೆ ‘ಹೂಂ’ ಎನ್ನುವುದು ಮೊದಲಿನಿಂದ ಬಂದ ರೂಢಿ. ಒಂದು ಬೆಳಗ್ಗೆ ಅವ್ವನಿಗೆ ಕೆಮ್ಮು ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಾಡಿದಳು. ತಮ್ಮ ‘ಹೂಂ’ ಅನ್ನಲಿಲ್ಲ. ಸೆರಗು ತೆಗೆದಳು, ಅಂದ. ಮತ್ತೆ ಮುಚ್ಚಿದಳು, ಸುಮ್ಮನಾದ. ಅವನು ಇಷ್ಟು ದಿನ ಹಾಡು ಕೇಳುತ್ತಿರಲಿಲ್ಲ, ಅವಳ ಬಾಯಿ ನೋಡುತ್ತಿದ್ದ. ಅವ್ವ ಗೂಟ ಬಿಟ್ಟು ಅವನ ಮುಖ ಹಿಡಿದುಕೊಂಡು ಕೂತುಬಿಟ್ಟಳು. ಅವನಿಗೆ ಅದು ಹೊಸ ಆಟ ಅನಿಸಿ ನಕ್ಕ.

“ಅವಗ ಬುದ್ಧಿ ಹೋಗಿಲ್ರಿ, ಕಿವಿ ಹೋಗ್ಯಾವು. ಗೋಕಾವಿ ಡಾಕ್ಟರಗ ತೋರಸೂನು” ಅಂದಳು ಅಪ್ಪನಿಗೆ.

“ಹಲಗಿ ಬಾರಿಸಿದರ ಕುಣೀತಾನ. ಕಿವಿ ಹೋದವ ಕುಣೀತಾನೇನ?” ಅಂದ ಅಪ್ಪ.

“ಹಲಗಿ ಕೇಳಿದರ ಮಾತು ಕೇಳಿಸಿದಂಗ ಆತೇನು?”

“ಕಿವಿ ಒಂದ ಐತಿ. ಹಲಗಿಗೊಂದು ಮಾತಿಗೊಂದು ಬ್ಯಾರೆ ಬ್ಯಾರೆ ಕಿವಿ ಇರ್ತಾವೇನ? ಸುಗ್ಗಿ ಮುಗೀಲಿ, ನೋಡೂನು.”

ಸುಗ್ಗಿ ಮುಗಿಯಿತು, ಹೋಳಿ ಬಂತು. ನಮ್ಮ ಕಡೆ ಹೋಳಿಯೆಂದರೆ ಹುಡುಗರ ಬಾಯಿಗೆ ಲಗಾಮಿಲ್ಲದ ದಿನ. ಯಾರನ್ನು ಏನು ಬೈದರೂ ಸಿಟ್ಟಿಗೇಳಬಾರದೆಂಬ ಕಟ್ಟು. ಹುಡುಗರ ಹಿಂಡು ಹಲಗೆ ಬಾರಿಸುತ್ತ ಬಂದು ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕೂತಿದ್ದ ತಮ್ಮನ ಬೆನ್ನ ಹಿಂದೆ ನಿಂತಿತು. ಅವನ ತಾಯಿ, ತಂದೆ, ಎಮ್ಮೆ ಯಾರನ್ನೂ ಬಿಡದೆ ಬೈದರು. ಹೋದ ವರ್ಷವಾಗಿದ್ದರೆ ಕಲ್ಲು ಹಾರುತ್ತಿತ್ತು. ಈ ಸಲ ತಮ್ಮ ಹಲಗೆಯ ಪೆಟ್ಟಿಗೆ ತಲೆ ತೂಗುತ್ತ, ಮುಗುಳ್ನಗುತ್ತ ಕೂತಿದ್ದ. ಹುಡುಗರಿಗೇ ಸಾಕಾಯಿತು.

ಆ ಗುಡಿಯಲ್ಲಿ ಆಗ ಎಲ್ಲಿಂದಲೋ ಬಂದ ಅಯ್ಯನವರೊಬ್ಬರು ಪುರಾಣ ಹೇಳುತ್ತಿದ್ದರು. ಹಿಂದಿನ ದಿನವಷ್ಟೇ ನಿಂದೆ ಸ್ತುತಿ ಎರಡನ್ನೂ ಒಂದೇ ಎಂದು ತಿಳಿದವನೇ ಶರಣ ಎಂದು ಹೇಳಿದ್ದರಂತೆ. ಅವರು ಹೊರಗೆ ಬಂದು ಇದನ್ನು ನೋಡಿ ಬೆರಳೆತ್ತಿ ತೋರಿಸಿದರು. “ನೋಡ್ರಿ. ಹಲಗಿ ಕೇಳತೈತಿ, ಬೈಗಳ ಕೇಳಸೂದಿಲ್ಲ. ನಾ ಬಾಯಿಲೆ ಹೇಳಿದ್ದನ್ನ ಈ ಮನಷ್ಯಾ ಕುಂತ ತೋರ್ಸ್ಯಾನ.”

ಒಂದು ದೃಷ್ಟಾಂತ ಸಿಕ್ಕಿತೆಂದು ಅಂದಿದ್ದರೋ, ನಿಜಕ್ಕೂ ನಂಬಿ ಅಂದಿದ್ದರೋ. ಎರಡು ದಿನಕ್ಕೆ ಅವರು ಮುಂದಿನ ಊರಿಗೆ ಹೋದರು. ಊರ ಗೌಡರು ಮಾತ್ರ ಅಂದೇ ಬಂದು ತಮ್ಮನ ಕಾಲು ಮುಟ್ಟಿದರು. ಗೌಡರು ಮುಟ್ಟಿದ ಮೇಲೆ ಊರು ಮುಟ್ಟಬೇಡವೆ? ಉಗಾದಿಯ ಹೊತ್ತಿಗೆ ನಮ್ಮ ತಮ್ಮ ‘ಮೌನದಜ್ಜ’ನಾಗಿದ್ದ. ಪಡಸಾಲೆಯಲ್ಲಿ ಮಣೆ ಹಾಕಿ, ಕಂಬಳಿ ಹಾಸಿ, ಹಣೆತುಂಬ ವಿಭೂತಿ ಬಳಿದು ಕೂರಿಸಿದರು. ಹುಕ್ಕೇರಿಯ ಹೆಣ್ಣುಮಕ್ಕಳು ಉಡಿ ಒಡ್ಡಿ ಬಂದರು. ಸಂಕೇಶ್ವರದ ಬೆಲ್ಲದ ವ್ಯಾಪಾರಿಗಳು ದರ ಏರೀತೇ ಎಂದು ಕೇಳಲು ಬಂದರು. ಯಾರು ಏನು ಕೇಳಿದರೂ ತಮ್ಮ ಅವರ ಬಾಯಿ ನೋಡಿ, ಬಾಯಿ ನಿಂತ ಕೂಡಲೇ ‘ಹೂಂ’ ಎನ್ನುತ್ತಿದ್ದ. ಕೂಸು ಆಗತೈತ್ರಿ? ಹೂಂ. ಕೋರ್ಟಿನ್ಯಾಗ ಗೆಲ್ಲತೇನ್ರಿ? ಹೂಂ. ಹೂಂ ಅನ್ನುವ ದೇವರು ಯಾರಿಗೆ ಬೇಡ?

ನಾನು ಈಗ ನಗುತ್ತೇನೆ, ಆಗ ನಗುವಂತಿರಲಿಲ್ಲ. ಶರಣರು ಎಮ್ಮೆ ಕಾಯುವುದೇ ಎಂದು ಎಮ್ಮೆಗಳನ್ನು ಬೇರೆಯವನ ಕೈಗೆ ಕೊಟ್ಟರು. ಅವು ಹಳ್ಳದಿಂದ ಬರುವ ಹೊತ್ತಿಗೆ ತಮ್ಮ ಮಣೆಯಿಂದ ಏಳಲು ನೋಡುತ್ತಿದ್ದ. ಯಾರೋ ಒಬ್ಬರು ಭಕ್ತಿಯಿಂದ ಹೆಗಲು ಹಿಡಿದು ಮತ್ತೆ ಕೂರಿಸುತ್ತಿದ್ದರು. ಕಿವಿ ನೋಯುವಾಗ ಅಂಗೈಯಿಂದ ಕಪಾಳಕ್ಕೆ ಬಡಿದುಕೊಳ್ಳುತ್ತಿದ್ದ. ಅದನ್ನು ಕಂಡು ಜನ ತಂತಮ್ಮ ಕಪಾಳಕ್ಕೂ ಬಡಿದುಕೊಂಡು ತಪ್ಪು ಒಪ್ಪಿಕೊಳ್ಳುತ್ತಿದ್ದರು. ಅಪ್ಪ ದಿನಾ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ತಮ್ಮನ ಪಾದ ಮುಟ್ಟುತ್ತಿದ್ದ. ಹುಚ್ಚನ ಅಣ್ಣ ಎನಿಸಿಕೊಂಡು ತಲೆ ತಗ್ಗಿಸಿ ನಡೆದವನು ಈಗ ತಲೆಯೆತ್ತಿ ಓಣಿಯಲ್ಲಿ ಹೋಗುತ್ತಿದ್ದ. ಅವ್ವ ಮತ್ತೆ ಡಾಕ್ಟರರ ಮಾತು ತೆಗೆದಾಗ, “ದೇವರು ಮುಚ್ಚಿದ್ದನ್ನ ತೆರಿಯಾಕ ನಾವ್ಯಾರ?” ಅಂದ. ಈ ಸಲ ಅವನ ದನಿಯಲ್ಲಿ ಅಂಜಿಕೆಯಿತ್ತು.

ನಮ್ಮ ಓಣಿಯ ಕೊನೆಗೆ ಅತ್ತರು, ಊದುಬತ್ತಿ ಮಾರುವ ಅತ್ತಾರ ಚಾಚಾ ಇದ್ದ. ಅವನೂ ತಮ್ಮನನ್ನು ತನ್ನವರ ಶರಣ, ಅವಲಿಯಾ ಎಂದು ನಂಬಿ, ಬಂದಾಗೊಮ್ಮೆ ಕೊರಳಿಗೆ ಅತ್ತರು ಹಚ್ಚಿ ಹೋಗುತ್ತಿದ್ದ. ಅವ್ವ ಅವನ ಮುಂದೆ ಕಷ್ಟ ಹೇಳಿಕೊಂಡಳು. ಚಾಚಾ ಗಡ್ಡ ನೀವಿಕೊಂಡು, “ಅವಲಿಯಾ ಆಗಲಿ ಅಕ್ಕಾ, ಫಕೀರ ಆಗಲಿ, ಕಿವಿ ಸೋರಿದರ ನೋಯತೈತಿ. ನನ್ನ ಟಾಂಗಾ ಐತಿ, ನಡೀರಿ” ಅಂದ. ಅಪ್ಪ ಸಂಕೇಶ್ವರದ ಪ್ಯಾಟೆಗೆ ಹೋದ ದಿನ, ಅಜ್ಜಾರಿಗೆ ಹೊಳೆಯ ಸ್ನಾನ ಎಂದು ಭಕ್ತರಿಗೆ ಹೇಳಿ ಹೊರಟೆವು. ಜೊತೆಗೆ ನಾನೂ ಇದ್ದೆ.

ಗೋಕಾವಿಯ ಡಾಕ್ಟರರು ತಮ್ಮನ ಮುಖ ನೋಡಿ, ಕಿವಿ ನೋಡುವ ಮೊದಲೇ ಕೇಳಿದರು: “ಕೇಳಿಸಿದರೂ ಇವಗ ಏನ ತಿಳೀತೈತಿ ತಾಯಿ?”

“ತಿಳೀಲಿ ಬಿಡಲಿ, ಕೇಳಸಲ್ರಿ” ಅಂದಳು ಅವ್ವ. “ನನಗ ಕೇಳಸೋದರಾಗ ಎಲ್ಲಾ ತಿಳೀತೈತೇನ್ರಿ?”

ಡಾಕ್ಟರರು ತಟ್ಟೆ ಹಿಡಿಸಿ, ಬೆಚ್ಚಗಿನ ನೀರಿನ ಪಿಚಕಾರಿ ಹಾಕಿದರು. ತಮ್ಮ ಚೀರಿದ, ಅವ್ವ ಅವನನ್ನು ಎದೆಗೊತ್ತಿ ಹಿಡಿದಳು. ಎಡಗಿವಿಯಿಂದ ಕರಿಬೆಲ್ಲದಂಥ ಗುಗ್ಗೆ, ಕೊಳೆತ ಅರಳೆ, ಜೊತೆಗೆ ಭಕ್ತರು ತಲೆಯ ಮೇಲೆ ಹಾಕಿದ್ದ ಅಕ್ಷತೆಯ ಕಾಳುಗಳು ಬಂದವು. ಬಲಗಿವಿಯಿಂದ ಬರೀ ಕೀವು, ರಕ್ತ. ಅದರ ಹಿಂದಿನ ಎಲುಬು ಒತ್ತಿ ನೋಡಿ ಡಾಕ್ಟರರ ಮುಖ ಬದಲಾಯಿತು. “ಎಡಕ್ಕ ಕೇಳಸತೈತಿ. ಬಲಕ್ಕ ಒಳಗ ಎಲುಬು ಕೊಳ್ಯಾಕತ್ತೈತಿ. ಮಿರಜಿನ ದೊಡ್ಡ ದವಾಖಾನಿಗೆ ಒಯ್ಯಬೇಕು. ಮಳಿಗಾಲ ಹಿಡಿಯೂದರಾಗ ಒಯ್ಯಿರಿ, ಇಲ್ಲಾಂದ್ರ ಜೀವಕ್ಕ ಬರತೈತಿ.”

ಬರುವಾಗ ಟಾಂಗಾದಲ್ಲಿ ತಮ್ಮ ಒಂದೇ ಸವನೆ ಅತ್ತಿತ್ತ ನೋಡುತ್ತಿದ್ದ. ಗಾಲಿ ಕಿರುಗುಟ್ಟಿದರೆ ಬಗ್ಗಿ ಗಾಲಿ ನೋಡಿದ. ಕಾಗೆ ಕೂಗಿದರೆ ತಾನೂ ಕಾ ಅಂದ. ನಾನು ಹಿಂದೆ ಕೂತಿದ್ದವಳು ಮೆಲ್ಲಗೆ ‘ತಮ್ಮಾ’ ಅಂದೆ. ಅವನು ತಿರುಗಿದ. ಅವ್ವ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು, ಚಾಚಾ ಮುಂದೆ ನೋಡುತ್ತ ಕುದುರೆಯನ್ನು ಸುಮ್ಮಸುಮ್ಮನೆ ಬೈದ. ನನ್ನ ಇಡೀ ಬಾಲ್ಯದಲ್ಲಿ ಅಷ್ಟು ಸುಖದ ದಾರಿ ಇನ್ನೊಂದು ನೆನಪಿಲ್ಲ.

ಮನೆಗೆ ಬಂದರೆ ಅಪ್ಪ ಬಂದುಬಿಟ್ಟಿದ್ದ, ಪಡಸಾಲೆ ತುಂಬ ಭಕ್ತರು. ತಮ್ಮ ಯಾರನ್ನೂ ನೋಡದೆ, ಎಮ್ಮೆ ಕೂಗಿದ ಕಡೆಗೆ ಓಡಿದ. ಅಪ್ಪ ಹಿಂದಿನಿಂದ “ತಮ್ಮಾ” ಅಂದ. ದೊಡ್ಡ ದನಿಯೇನಲ್ಲ. ತಮ್ಮ ಥಟ್ಟನೆ ನಿಂತು ತಿರುಗಿ “ಅಣ್ಣಾ” ಅಂದ. ಅಪ್ಪ ಅಲ್ಲೇ ಕೊಟ್ಟಿಗೆಯ ಹೊಸ್ತಿಲ ಮೇಲೆ ಕುಸಿದು ಮುಖ ಮುಚ್ಚಿಕೊಂಡ. ಕಾಲು ಮುಟ್ಟಿದ್ದು ನೆನಪಾಯಿತೋ, ಕೇಳಿಸದವನನ್ನು ಹೊಡೆದದ್ದು ನೆನಪಾಯಿತೋ ನಾನು ಹೇಳಲಾರೆ. ಭಕ್ತರು ಒಬ್ಬೊಬ್ಬರೇ ಎದ್ದು ಹೋದರು. ಹೋಗುವಾಗ ಗೌಡರು, “ಮೌನಾ ಮುರಿಸಿದಿರಿ, ಊರಿಗೆ ಒಳ್ಳೇದಲ್ಲ” ಅಂದರು.

ಹಾಗೆ ಕುಸಿದ ಅಪ್ಪ ಮರುದಿನವೇ ಮಿರಜಿಗೆ ಹೊರಡಬೇಕಿತ್ತು. ಹೊರಡಲಿಲ್ಲ. ಆ ತಿಂಗಳು ಊರಲ್ಲಿ ದನಗಳಿಗೆ ಬೇನೆ ಬಂತು, ಎಲ್ಲರೂ ನಮ್ಮ ಮನೆಯ ಕಡೆ ನೋಡಿದರು. ಕಿವಿ ತೆರೆದದ್ದರಿಂದ ಬೈಗುಳವೂ ತೆರೆಯಿತು. ಹುಡುಗರು ಮತ್ತೆ ಗೋಡೆಯ ಮರೆಗೆ ಬಂದರು, ತಮ್ಮ ಮತ್ತೆ ಕಲ್ಲು ತೆಗೆದುಕೊಂಡ. ಈ ಸಲ ಗುರಿ ತಪ್ಪಲಿಲ್ಲ, ಗೌಡರ ಮೊಮ್ಮಗನ ಹಣೆ ಒಡೆಯಿತು. ಅಪ್ಪ ಹೋಗಿ ಗೌಡರ ಕಾಲು ಹಿಡಿದು ಬಂದ. “ಕೇಳಸದಾಗ ಎಲ್ಲಾರ ಕಡಿಂದ ಕೈ ಮುಗಸಗೋತಿದ್ದ. ಕೇಳಸಿದ ಮ್ಯಾಲ ಉಗುಳಸಗೋಳಾಕತ್ತಾನ” ಎಂದು ಅವ್ವನ ಮೇಲೆ ಹರಿಹಾಯ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. “ಎಲುಬಿನ ಕತಿ ಏನ್ರಿ?” ಎಂದಷ್ಟೇ ಅವ್ವ ಕೇಳಿದಳು. “ಮುಂದ ನೋಡೂನು” ಅಂದ ಅಪ್ಪ.

ಮಳೆ ಹಿಡಿಯಿತು. ಎಡಗಿವಿ ಮತ್ತೆ ಸೋರಿ, ಮತ್ತೆ ಮುಚ್ಚಿತು. ಅಜ್ಜಾರು ಮತ್ತೆ ಮೌನಕ್ಕೆ ಕೂತರೆಂದು ಸುದ್ದಿಯಾಗಿ ಭಕ್ತರು ತಿರುಗಿ ಬಂದರು. ಅಪ್ಪ ಮಣೆಯನ್ನು ತಾನೇ ತೊಳೆದು ಹಾಕಿದ. ಆಗ ಅವನ ಮುಖದ ಮೇಲೆ ಸಮಾಧಾನ ಕಂಡೆ. ಆ ಸಮಾಧಾನವನ್ನು ಕ್ಷಮಿಸಲು ನನಗೆ ಇಂದಿಗೂ ಆಗಿಲ್ಲ.

ಶ್ರಾವಣದಲ್ಲಿ ಬಲಗಿವಿಯ ಹಿಂದೆ ನಿಂಬೆಹಣ್ಣಿನಷ್ಟು ಬಾವು ಬಂತು, ಜ್ವರ ಏರಿತು. ತಮ್ಮ ತಲೆ ಹಿಡಿದುಕೊಂಡು ಗೋಳಾಡುತ್ತಿದ್ದ, ಕಂಬಕ್ಕೆ ಹಣೆ ಬಡಿಯುತ್ತಿದ್ದ. ಊರ ಪಾಪಕ್ಕೆ ಅಜ್ಜಾರು ಅಳುತ್ತಿದ್ದಾರೆಂದು ಜನ ಸುತ್ತ ಕೂತು ತಾಳ ಹಾಕಿ ಭಜನೆ ಮಾಡಿದರು. ಅವನು ಅತ್ತಷ್ಟೂ ಇವರ ದನಿ ಏರಿತು. ಅವ್ವ ಒಳಗಿನಿಂದ ಒನಕೆ ಹಿಡಿದು ಬಂದಳು. “ಅವಗ ಕಿವಿ ನೋಯಾಕತ್ತಾವ್ರೋ ಪಾಪಿಗೋಳಿರಾ! ನಿಮ್ಮ ಪಾಪ ನೀವ ಅಳ್ರಿ, ಅವನ ಬಿಡ್ರಿ” ಎಂದು ಚೀರಿದಳು. ಗೌಡರೆದುರು ತಲೆಯ ಮೇಲಿನ ಸೆರಗು ಜಾರಿದರೂ ಸರಿಮಾಡಿಕೊಳ್ಳಲಿಲ್ಲ. ಅಪ್ಪ ಅವಳನ್ನು ನೋಡಿದ, ತಮ್ಮನನ್ನು ನೋಡಿದ. ಹೋಗಿ ಎತ್ತು ಹೂಡಿದ.

ಮಿರಜಿನ ರೈಲುಗಾಡಿ ಬರುವುದು ತಡವಿತ್ತು. ಠೇಸನ್ನಿನಲ್ಲಿ ಬೇವಿನ ಗಿಡದ ಕೆಳಗೆ ಅವ್ವನ ತೊಡೆಯ ಮೇಲೆ ತಮ್ಮ ಮಲಗಿದ್ದ. ಅವ್ವ ಬೀಸುವ ಹಾಡು ಹೇಳುತ್ತಿದ್ದಳು. ಅವನು ಕಣ್ಣು ಬಿಟ್ಟಾಗೊಮ್ಮೆ ಅವಳ ಬಾಯಿ ನೋಡುತ್ತಿದ್ದ. ಗಾಡಿ ಬಂದಾಗ ಅಪ್ಪ ಅವನನ್ನು ಎತ್ತಿಕೊಳ್ಳಲು ಬಗ್ಗಿದ. ಅವ್ವ ಬೇಡವೆಂದು ಕೈ ಮಾಡಿ, ಅವನ ಹಾಗೇ ‘ಆತು’ ಅಂದಳು.

ಎತ್ತಿನ ಗಾಡಿ ತಿರುಗಿಸಿಕೊಂಡು ಬಂದರೆ, ಸುದ್ದಿ ಮೊದಲೇ ಮುಟ್ಟಿ ಊರ ಸೀಮೆಯಲ್ಲಿ ಜನ ತಾಳ, ಮಾಲೆ ಹಿಡಿದು ನಿಂತಿದ್ದರು. ಅವ್ವನ ತೊಡೆಯಿಂದ ಅವನನ್ನು ಎತ್ತಿಕೊಂಡು ಹೋದರು. ಶರಣರಿಗೆ ಸಲ್ಲುವ ಎಲ್ಲ ಮರ್ಯಾದೆಯಿಂದ ಮಣ್ಣು ಮಾಡಿದರು, ವರ್ಷದೊಳಗೆ ಗದ್ದುಗೆ ಎದ್ದಿತು. ಮೌನದಜ್ಜನ ಗದ್ದುಗೆಯೆಂದು ಅಲ್ಲಿ ಯಾರೂ ಜೋರಾಗಿ ಮಾತಾಡಬಾರದೆಂಬ ನೇಮವೂ ಆಯಿತು. ಬೇಡಿಕೆಯನ್ನು ಗದ್ದುಗೆಗೆ ಬಾಯಿ ಹಚ್ಚಿ ಪಿಸುಗುಟ್ಟಬೇಕು. ಅಪ್ಪ ಇರುವ ತನಕ ದಿನಾ ಅಲ್ಲಿ ಕಸ ಹೊಡೆದ. ಅವ್ವ ಆ ಕಡೆ ಹಾಯಲಿಲ್ಲ.

ಅಪ್ಪ ಹೋದ ಮೇಲೆ ಒಮ್ಮೆ, ನನ್ನ ಒತ್ತಾಯಕ್ಕೆ, ಬಂದಳು. ಮಮದಾಪುರದ ಕಡೆಯ ಹೆಣ್ಣುಮಗಳೊಬ್ಬಳು ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಗದ್ದುಗೆಗೆ ಬಾಯಿ ಹಚ್ಚಿ ಅಳುತ್ತ ಏನೋ ಪಿಸುಗುಟ್ಟುತ್ತಿದ್ದಳು. ಅವ್ವ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಆ ಮೌನದಲ್ಲಿ ಎಲ್ಲರೂ ಬೆಚ್ಚುವಂತೆ ದೊಡ್ಡ ದನಿ ತೆಗೆದಳು.

“ಸಣ್ಣಗ ಹೇಳಬ್ಯಾಡವಾ, ಅವಗ ಕೇಳಸೂದಿಲ್ಲ. ಎಡಕ ಬಾ. ಒದರಿ ಹೇಳ.”

ಅವಳು ಸಿಟ್ಟಿನಿಂದ ಅಂದಳೋ, ಸಂಕಟದಿಂದ ಅಂದಳೋ. ಜನ ಅದನ್ನು ಅಪ್ಪಣೆಯೆಂದು ತಿಳಿದರು. ಈಗ ಅಲ್ಲಿ ಹೋದವರೆಲ್ಲ ಗದ್ದುಗೆಯ ಎಡಕ್ಕೆ ನಿಂತು ಗಂಟಲು ಹರಿಯುವಂತೆ ಕೂಗಿ ಹೇಳುತ್ತಾರೆ. ಅವನು ಬದುಕಿದ್ದಾಗ ಅಷ್ಟು ಮಾಡಿದ್ದರೆ ಸಾಕಿತ್ತು.